ಕಿಟಕಿಯ ಬಳಿಯ ವಾದ

ನಮ್ಮ ಮನೆಯವರನ್ನು ಊರು ಎರಡು ಥರ ನೆನಪಿಟ್ಟುಕೊಂಡಿದೆ. ದೊಡ್ಡ ಬ್ಯಾರಿಸ್ಟರು ಎಂದು ಒಂದು, ತನ್ನ ಮಸೂದೆಯನ್ನು ತಾನೇ ಬೀಳಿಸಿಕೊಂಡ ಮಂತ್ರಿ ಎಂದು ಇನ್ನೊಂದು. ಮೊದಲನೆಯದನ್ನು ಹೇಳುವಾಗ ಜನ ದನಿ ತಗ್ಗಿಸುತ್ತಾರೆ. ಎರಡನೆಯದು ಬಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ, ನನಗೇನು! ನನ್ನ ಎದುರಿಗೇ ಆ ಕಥೆ ಹೇಳಿ, ಹೇಳಿ ಮುಗಿಸಿದ ಮೇಲೆ ನಾನು ಯಾರೆಂದು ಗೊತ್ತಾಗಿ ನಾಲಿಗೆ ಕಚ್ಚಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ನಗು ನನ್ನನ್ನು ಕಾಡಲಿಲ್ಲ. ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಆ ದಿನ ಶಾಸನಸಭೆಯಲ್ಲಿ ಅವರು ಮೈಮರೆತು ಹಾಗೆ ಮಾತಾಡಿದರೋ, ಬೇಕೆಂದೇ ಮಾತಾಡಿದರೋ? ಅದೊಂದನ್ನು ತಿಳಿದುಕೊಳ್ಳುವುದರಲ್ಲಿ ನನ್ನ ಕೂದಲು ಬೆಳ್ಳಗಾಯಿತು.

ಅವರ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲದ ಅಂಗಡಿ, ಗೋಡೆ ತುಂಬ ಗಡಿಯಾರ, ಒಂದರ ಮಾತಿಗೆ ಇನ್ನೊಂದರ ಒಪ್ಪಿಗೆ ಇಲ್ಲ. ಆ ಸದ್ದಿನ ನಡುವೆಯೇ ಪಾಠ ಓದಿ, ಮೇಜಿನ ಕೆಳಗೆ ನಿದ್ದೆಹೋಗಿ ಬೆಳೆದವರು ಇವರು. ಹಾಗಾಗಿಯೋ ಏನೋ, ಕೂತಲ್ಲೇ ಎಲ್ಲಿಗೋ ತೇಲಿಹೋಗುವ ಗುಣ ಬಂತು. ಜೊತೆಗೆ ಗಡಿಯಾರ ನೋಡದೆಯೇ ಹೊತ್ತು ಹೇಳುವ ವಿದ್ಯೆಯೂ ಬಂತು. ನಾನು ಮೊಟ್ಟೆ ಬೇಯಲು ಇಟ್ಟರೆ, ಪಕ್ಕದ ಕೋಣೆಯಿಂದ, ಪುಸ್ತಕದೊಳಗೆ ಮುಖ ಹುದುಗಿಸಿಕೊಂಡೇ "ಇವಳೇ, ಇಳಿಸು" ಎನ್ನುತ್ತಿದ್ದರು. ಹಳದಿ ಭಾಗ ನನಗೆ ಬೇಕಾದ ಹದಕ್ಕೆ ಬಂದಿರುತ್ತಿತ್ತು. ಮನುಷ್ಯ ಕನಸಿನಲ್ಲಿದ್ದರೂ ಒಳಗೆಲ್ಲೋ ಆ ಅಂಗಡಿ ನಡೆಯುತ್ತಲೇ ಇತ್ತು ಅಂತ ಕಾಣುತ್ತೆ.

ಓದಿನಲ್ಲಿ ಎತ್ತಿದ ಕೈ. ವಿದ್ಯಾರ್ಥಿವೇತನ ಸಿಕ್ಕಿ ಸಮುದ್ರ ದಾಟಿ ಹೋದರು, ಕಪ್ಪು ಗೌನು ತೊಟ್ಟು ಬ್ಯಾರಿಸ್ಟರಾಗಿ ಬಂದರು. ಬಂದ ದಿನ ಅವರ ಅಪ್ಪ ತಮ್ಮ ಜೇಬಿನ ಗಡಿಯಾರ ತೆಗೆದು ಮಗನ ಕೈಯಲ್ಲಿಟ್ಟು, "ನಿನಗಿದು ಬೇಕಾಗಲ್ಲ, ಆದ್ರೂ ಇಟ್ಕೋ" ಅಂದರಂತೆ. ಇವರು ಅದನ್ನು ಪುಸ್ತಕದ ಬೀರುವಿನಲ್ಲಿ, ದಪ್ಪ ಕಾನೂನು ಪುಸ್ತಕಗಳ ಸಾಲಿನ ಮುಂದೆ ಇಟ್ಟರು. ಕೀಲಿ ಕೊಡುವವರಿಲ್ಲದೆ ಅದು ನಿಂತೇ ಹೋಯಿತು.

ನಮ್ಮ ಮನೆಗೆ ಅವರು ಬಂದದ್ದು ಕೇಸಿನ ನೆಪದಿಂದ. ನಮ್ಮಪ್ಪ ದೋಣಿ ಕಟ್ಟುವವರು. ಮನೆ ಹೊಳೆಯ ದಂಡೆಯ ಬೀದಿಯಲ್ಲಿ, ಮೆಟ್ಟಿಲು ಇಳಿದರೆ ನೀರು. ದೋಣಿ ಎಳೆದು ನಿಲ್ಲಿಸುವ ಜಾಗಕ್ಕಾಗಿ ಪಕ್ಕದವನು ಕಾಲು ಕೆರೆದು ಜಗಳಕ್ಕೆ ಬಂದಿದ್ದ. ಜಾಗ ನೋಡುವುದಕ್ಕೆಂದು ಬಂದ ಹೊಸ ಬ್ಯಾರಿಸ್ಟರು ನಮ್ಮ ಮುಂದಿನ ಕೋಣೆಯಲ್ಲಿ ಕೂತು, ತಲೆ ಎತ್ತಿ ಸೂರು ನೋಡಿದವರು ನೋಡುತ್ತಲೇ ಉಳಿದರು. ಬೆಳಗಿನ ಬಿಸಿಲು ಹೊಳೆಗೆ ಬಿದ್ದು, ಅಲ್ಲಿಂದ ಕಿಟಕಿಯೊಳಗೆ ಬಂದು, ನಮ್ಮ ಸೂರಿನ ಹಲಗೆಗಳ ಮೇಲೆ ತೇಲಾಡುತ್ತಿತ್ತು. ನಮಗೆ ಅದು ದಿನದ ಸಂಗತಿ. ಅವರಿಗೆ ಕೊಟ್ಟ ಕಾಫಿ ಆರಿಹೋಯಿತು.

"ಇವ್ರು ಕೇಸಿಗೆ ಬಂದವ್ರಾ, ಸೂರು ರಿಪೇರಿಗೆ ಬಂದವ್ರಾ?" ಎಂದು ನಮ್ಮಮ್ಮ ಅಡುಗೆಮನೆಯಲ್ಲಿ ಗೊಣಗಿದರು.

ಕೇಸು ಗೆದ್ದರು. ಆಮೇಲೂ ಜಾಗ ನೋಡುವುದಕ್ಕೆ ಬರುತ್ತಲೇ ಇದ್ದರು. ಯಾವ ಜಾಗವೆಂದು ನಮ್ಮಪ್ಪ ಕೇಳಲಿಲ್ಲ, ಪುಣ್ಯಾತ್ಮ. ಹೀಗೆ ನಾನು ಅವರ ಹೆಂಡತಿಯಾಗಿ, ಊರೊಳಗಿನ ಅವರ ಮನೆಗೆ ಬಂದೆ.

ಬಂದ ಮೊದಲ ವಾರವೇ ನನಗೆ ನ್ಯಾಯಾಧೀಶಳ ಕೆಲಸ ಸಿಕ್ಕಿತು. ತಮಾಷೆಯಲ್ಲ. ಮುಂದಿನ ಕೋಣೆಯಲ್ಲಿ ಬೆನ್ನು ಎತ್ತರದ ಒಂದು ಹಳೇ ಕುರ್ಚಿ ಇತ್ತು, ಒಂದು ಕಾಲು ಮೋಟು, ಅದರಡಿ ಮಡಿಸಿದ ರಟ್ಟು. ಅದರಲ್ಲಿ ನನ್ನನ್ನು ಕೂರಿಸಿ, "ಖಾವಂದರೇ" ಎಂದು ತಲೆಬಾಗಿ, ಮಾರನೇ ದಿನದ ಕೇಸನ್ನು ನನ್ನೆದುರು ನಡೆಸುತ್ತಿದ್ದರು. ನನ್ನ ಮಡಿಲಲ್ಲಿ ಬಟಾಣಿ ಬುಟ್ಟಿ, ಕೈಯಲ್ಲಿ ಸೌಟು. ವಾದ ಹಳಿ ತಪ್ಪಿದರೆ ಸೌಟಿನಿಂದ ಮೇಜಿಗೆ ಒಂದು ಬಡಿಯುತ್ತಿದ್ದೆ.

ಅದಕ್ಕೊಂದು ಕ್ರಮವಿತ್ತು. ಮೊದಲು ಕಿಟಕಿಯ ಬಳಿ ನಿಂತು, ಎಡಗೈಯನ್ನು ಕಿಟಕಿಯ ಅಂಚಿನ ಮೇಲಿಟ್ಟು, ಎದುರು ಪಕ್ಷದ ವಾದ ಮಾಡುವುದು. ಅದನ್ನು ಎದುರು ಪಕ್ಷದ ವಕೀಲನೂ ನಾಚುವ ಹಾಗೆ ಮಾಡುತ್ತಿದ್ದರು, ನನಗೆ ಕಣ್ಣು ಒದ್ದೆಯಾಗಬೇಕು. ಅದು ಪೂರ್ತಿ ಮುಗಿದ ಮೇಲೆ ಕೋಣೆ ದಾಟಿ, ಪುಸ್ತಕದ ಬೀರುವಿನ ಬಳಿ ನಿಂತು ತಮ್ಮ ಪಕ್ಷದ್ದು. "ಎದುರಿನವನ ಮಾತೆಲ್ಲ ಮನೆಯಲ್ಲೇ ಖರ್ಚಾಗ್ಬೇಕು ಕಣೇ. ಹೊಟ್ಟೆಯೊಳಗೆ ಉಳಿಸ್ಕೊಂಡು ಕೋರ್ಟಿಗೆ ಹೋದ್ರೆ ಎಲ್ಲಾದ್ರೂ ಬಾಯಿಗೆ ಬಂದ್ಬಿಡುತ್ತೆ" ಎನ್ನುತ್ತಿದ್ದರು. ಹಾಗೆಯೇ ನನಗೆ ನ್ಯಾಯಾಧೀಶರ ನಡಾವಳಿಯನ್ನೂ ಕಲಿಸಿದರು. ಅದರಲ್ಲಿ ಎರಡು ಮಾತು ಮನಸ್ಸಿನಲ್ಲಿ ನಾಟಿಕೊಂಡವು. ತನಗೆ ಸಂಬಂಧವಿರುವ ಕೇಸನ್ನು ಯಾವ ನ್ಯಾಯಾಧೀಶನೂ ಕೇಳಬಾರದು. ಕೈಗೆ ತೆಗೆದುಕೊಂಡ ಕೇಸನ್ನು ಬೇಕೆಂದೇ ಸೋಲುವ ವಕೀಲನಿಗಿಂತ ಕೀಳು ಮನುಷ್ಯ ಇನ್ನೊಬ್ಬನಿಲ್ಲ. ಈ ಎರಡನೆಯದನ್ನು ಹೇಳುವಾಗ ಅವರ ಕನಸುಗಣ್ಣು ಪೂರ್ತಿ ಎಚ್ಚರವಾಗುತ್ತಿತ್ತು.

ಇಂಥವರು ರಾಜಕೀಯಕ್ಕೆ ಯಾಕೆ ಹೋದರು? ಕರೆದರು, ಹೋದರು, ಅಷ್ಟೇ. ಆ ಪಾರ್ಟಿಯವರಿಗೆ ನಮ್ಮ ಕ್ಷೇತ್ರದಲ್ಲಿ ನಿಲ್ಲಿಸಲು ಜನ ಸಿಕ್ಕಿರಲಿಲ್ಲ, ಇವರಿಗೆ ಇಲ್ಲವೆನ್ನಲು ಬರುತ್ತಿರಲಿಲ್ಲ. ಗೆಲ್ಲುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ, ನಾನಂತೂ ಅಂದುಕೊಂಡೇ ಇರಲಿಲ್ಲ. ಪ್ರಚಾರದ ಭಾಷಣದಲ್ಲೂ ಇವರು ಮೊದಲು ಎದುರಾಳಿಯನ್ನು ಹೊಗಳುತ್ತಿದ್ದರು. ಜನಕ್ಕೆ ಅದೇ ಇಷ್ಟವಾಗಿಬಿಟ್ಟಿತು. ಗೆದ್ದರು. ಗೆದ್ದವರಲ್ಲಿ ಕಾನೂನು ಓದಿದವರು ಕಡಿಮೆ ಎಂದು ಮುಖ್ಯಮಂತ್ರಿಗಳು ಇವರನ್ನೇ ಕಾನೂನು ಮಂತ್ರಿ ಮಾಡಿದರು. ಮಂತ್ರಿಯ ಕೋಣೆಯಲ್ಲಿ ಆಳುದ್ದದ ಮೇಜು, ಅದರ ಹಿಂದೆ ಚಕ್ರದ ಕುರ್ಚಿ. ನಾನು ನೋಡಲು ಹೋದಾಗ ಇವರು ಆ ಕುರ್ಚಿಯಲ್ಲಿ ನಿಧಾನವಾಗಿ ಸುತ್ತುತ್ತಾ ಸೂರು ನೋಡುತ್ತಿದ್ದರು.

"ಇಲ್ಲಿ ಸೂರಿನ ಮೇಲೆ ಏನೂ ಇಲ್ಲ ಕಣೇ" ಅಂದರು, ಪಾಪ.

ಬಾಗಿಲಿನ ಹೆಸರು ಹಲಗೆಯ ಬಣ್ಣ ಇನ್ನೂ ಹೊಸತಾಗಿರುವಾಗಲೇ ಹೊಳೆ ದಂಡೆಯ ಮಸೂದೆ ಬಂತು. ನಮ್ಮ ತವರಿನ ಬೀದಿಯನ್ನು ಪೂರ್ತಿ ತೆರವು ಮಾಡಿ, ಅಲ್ಲಿ ಸರಕಿನ ಗೋದಾಮು ಕಟ್ಟುವುದು, ಬೀದಿಯವರಿಗೆ ಗುಡ್ಡದ ಮೇಲೆ ಹೊಸ ಮನೆ ಕೊಡುವುದು. ಕೆಟ್ಟ ಮಸೂದೆ ಅಂತ ನಾನು ಹೇಳುವುದಿಲ್ಲ. ವರ್ಷಾ ವರ್ಷಾ ಹೊಳೆ ಉಕ್ಕಿ ಆ ಮನೆಗಳ ಹೊಸ್ತಿಲಿಗೆ ಬರುತ್ತಿದ್ದದ್ದು ನಿಜ. ಆದರೆ ನಮ್ಮಪ್ಪ ತೀರಿಹೋಗಿ, ಆ ಮನೆಯಲ್ಲಿ ನಮ್ಮಮ್ಮ ಒಬ್ಬರೇ ಇದ್ದರು. ಅವರು ತಲೆ ಮೇಲೆ ತಲೆ ಬಿದ್ದರೂ ಅಲ್ಲಿಂದ ಏಳುವವರಲ್ಲ. ಸಭೆಯಲ್ಲಿ ಮಸೂದೆಯ ಪರ ಮಾತಾಡಬೇಕಾದವರು ಯಾರು? ಕಾನೂನು ಮಂತ್ರಿಗಳು. ಅಳಿಯಂದಿರು! ಸುದ್ದಿ ಕೇಳಿದ ದಿನದಿಂದ ನಮ್ಮಮ್ಮ ಅವರ ಜೊತೆ ಮಾತು ಬಿಟ್ಟರು.

"ಬಿಟ್ಟುಬಿಡಿ ಆ ಮಂತ್ರಿಗಿರೀನ" ಅಂದೆ ನಾನು.

"ಬಿಟ್ರೆ ಇನ್ನೊಬ್ಬ ಬಂದು ಓದ್ತಾನೆ. ಮಸೂದೆ ಪಾಸಾಗುತ್ತೆ. ಅಮ್ಮನ ಮನೆ ಹೋಗೋದು ಹೋಗುತ್ತೆ" ಅಂದರು. ಎಲ್ಲೋ ನೋಡುತ್ತಿದ್ದರು.

ಭಾಷಣದ ಹಿಂದಿನ ದಿನ ಬೆಳಗ್ಗೆ, ಎಂದಿನಂತೆ ಕುರ್ಚಿ ಸರಿಮಾಡಿ, ರಟ್ಟು ತೂರಿಸಿ, ಸೌಟು ತಂದು ಮೇಜಿನ ಮೇಲಿಟ್ಟರು. ತಾವು ಹೋಗಿ ಕಿಟಕಿಯ ಬಳಿ ನಿಂತರು. ನಾನು ಕೂರಲಿಲ್ಲ.

"ಈ ಕೇಸನ್ನ ನಾನು ಕೇಳೋ ಹಾಗಿಲ್ಲ" ಅಂದೆ. "ನನ್ನಮ್ಮನ ಮನೆ. ನನಗೆ ಸಂಬಂಧ ಇದೆ. ನೀವೇ ಕಲಿಸಿದ್ದು."

ಅವರು ನನ್ನ ಮುಖ ನೋಡಿದರು. ಸಿಟ್ಟಾಗಲಿಲ್ಲ. ಕೋರ್ಟಿನಲ್ಲಿ ಬಾಗುವಂತೆ ಸಣ್ಣಗೆ ತಲೆಬಾಗಿ, "ಖಾವಂದರು ಹೇಳೋದು ಸರಿ" ಅಂದರು. ಖಾಲಿ ಕುರ್ಚಿಯನ್ನು ನೋಡುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ನನ್ನ ಸಿಟ್ಟು ತೀರಿಸಿಕೊಂಡೆ. ಇಂದಿಗೂ ಹೇಳುತ್ತೇನೆ, ನಾನು ಮಾಡಿದ್ದು ಸರಿಯೇ. ಆದರೆ ಅವರ ವೃತ್ತಿಯಲ್ಲಿ ಮೊದಲ ಸಲ, ಎದುರು ಪಕ್ಷದ ವಾದ ಮನೆಯಲ್ಲಿ ಖರ್ಚಾಗದೆ ಅವರೊಳಗೇ ಉಳಿಯಿತು.

ಮರುದಿನ ಅಮ್ಮನನ್ನು ಕರೆದುಕೊಂಡು ಪ್ರೇಕ್ಷಕರ ಮಾಳಿಗೆಯಲ್ಲಿ ಹೋಗಿ ಕೂತೆ. ಅಮ್ಮ ಹಟ ಹಿಡಿದಿದ್ದರು. "ನನ್ನ ಮನೆ ಕೆಡವೋದನ್ನ ನಾನೇ ಕಿವಿಯಾರೆ ಕೇಳ್ಬೇಕು" ಅಂತ. ಕೆಳಗೆ ಸಭೆ ತೂಕಡಿಸುತ್ತಿತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ಕೋಲುಕೋಲಾಗಿ ಬಿದ್ದು, ಅದರೊಳಗೆ ದೂಳು ಏಳುತ್ತಾ ಇಳಿಯುತ್ತಾ ಇತ್ತು. ಇಂಥ ಹೊತ್ತಿಗೆ ಮತಕ್ಕೆ ಹಾಕುವುದೆಂದು ಮೊದಲೇ ಗೊತ್ತುಮಾಡಿದ್ದರು. ಆ ಹೊತ್ತಿಗೆ ಸಭಾಧ್ಯಕ್ಷರು ಗಂಟೆ ಬಾರಿಸುತ್ತಾರೆ, ಯಾರು ಮಾತಾಡುತ್ತಿದ್ದರೂ ಕೂರಬೇಕು. ಇವರ ಜಾಗ ಇದ್ದದ್ದು ಕಿಟಕಿಯ ಪಕ್ಕದಲ್ಲಿ. ಎದ್ದು ನಿಂತವರೇ ಎಡಗೈಯನ್ನು ಕಿಟಕಿಯ ಅಂಚಿನ ಮೇಲಿಟ್ಟರು.

"ಖಾವಂದರೇ" ಎಂದು ಶುರುಮಾಡಿದರು. ಸಭೆ ಗೊಳ್ಳೆಂದಿತು. ಇವರಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. "ಈ ಮಸೂದೆ ಬೇಡವೆನ್ನುವವರು ಏನು ಹೇಳಬಹುದು? ಮೊದಲು ಅದನ್ನು ನೋಡೋಣ."

ನೋಡಿದರು. ಅಬ್ಬಾ, ಎಂಥ ನೋಟ! ದೋಣಿಯ ಹಗ್ಗ ಉಜ್ಜಿ ಉಜ್ಜಿ ಸವೆದ ಕಲ್ಲಿನ ಬಗ್ಗೆ ಹೇಳಿದರು. ನೀರು ಹೊಸ್ತಿಲಿಗೆ ಬಂದಾಗ ಪಕ್ಕದ ಮನೆಯ ಮಗುವನ್ನು ಮೊದಲು ಮೇಲೆ ಹತ್ತಿಸಿ ಆಮೇಲೆ ತಮ್ಮ ಮಕ್ಕಳನ್ನು ಹತ್ತಿಸುವ ಬೀದಿಯ ಬಗ್ಗೆ ಹೇಳಿದರು. ದನಿ ಏರಿಸಲೇ ಇಲ್ಲ, ನಿದ್ದೆಗಣ್ಣಿನಲ್ಲಿ ಮಕ್ಕಳಿಗೆ ಕಥೆ ಹೇಳುವವರ ಹಾಗೆ ಹೇಳುತ್ತಾ ಹೋದರು. ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು.

"ಗುಡ್ಡದ ಮೇಲೆ ಸರ್ಕಾರ ಗೋಡೆ ಕೊಡುತ್ತದೆ, ಸೂರು ಕೊಡುತ್ತದೆ, ಒಪ್ಪಿದೆ. ಹೊಳೆಯ ಮೇಲೆ ಬಿದ್ದ ಬಿಸಿಲು ಬೆಳಗ್ಗೆ ದಂಡೆಯ ಮನೆಗಳ ಸೂರಿನ ಮೇಲೆ ಆಡುತ್ತದಲ್ಲ, ಅದನ್ನು ಯಾವ ಇಲಾಖೆ ಕೊಡುತ್ತದೆ?"

ಅಮ್ಮ ನನ್ನ ತೋಳು ಚಿವುಟಿದರು. "ಏನೇ, ಅಳಿಯಂದಿರು ಯಾರ ಕಡೆ?"

"ಸುಮ್ನಿರಮ್ಮ."

"ಅವ್ರಿಗೆ ಗೊತ್ತಾ, ತಾನು ಯಾರ ಕಡೆ ಅಂತ?"

ಕೆಳಗೆ ಮುಂದಿನ ಸಾಲಿನಲ್ಲಿ ಮುಖ್ಯಮಂತ್ರಿಗಳು ಕತ್ತು ತಿರುಗಿಸಿ ಬಿಟ್ಟ ಕಣ್ಣು ಬಿಟ್ಟಂತೆ ಇವರನ್ನೇ ನೋಡುತ್ತಿದ್ದರು. ಕೊನೆಗೆ ಇವರು ಕಿಟಕಿಯಿಂದ ಕೈ ತೆಗೆದು, ಒಂದು ಹೆಜ್ಜೆ ಆಚೆ ಇಟ್ಟು, "ಇದು ಎದುರು ಪಕ್ಷದ ಮಾತಾಯಿತು. ಇನ್ನು ನನ್ನ ಪಕ್ಷ..." ಅಂದರು. ಅಷ್ಟರಲ್ಲಿ ಗಂಟೆ ಬಾರಿಸಿತು.

ಬಾಗಿ, ಕೂತುಬಿಟ್ಟರು. ಆಮೇಲೆ ಯಾರು ನಕ್ಕರು, ಯಾರು ಕೂಗಿದರು, ಒಂದೂ ತಿಳಿಯಲಿಲ್ಲ. ಮತಕ್ಕೆ ಹಾಕಿದರು. ಇವರದೇ ಪಾರ್ಟಿಯ ಕೆಲವರು ತಲೆ ತಗ್ಗಿಸಿ ಎದುರು ಕಡೆಗೆ ಕೈ ಎತ್ತಿದರು. ಮಸೂದೆ ಬಿತ್ತು. ಸಂಜೆಯೊಳಗೆ ಇವರು ರಾಜೀನಾಮೆ ಕೊಟ್ಟು, ಚಕ್ರದ ಕುರ್ಚಿ ಬಿಟ್ಟು ಮನೆಗೆ ನಡೆದುಕೊಂಡು ಬಂದರು. ಶಾಸಕನ ಜಾಗವನ್ನೂ ಮುಂದೆ ಉಳಿಸಿಕೊಳ್ಳಲಿಲ್ಲ. ರಾಜಕೀಯಕ್ಕೂ ಇವರಿಗೂ ಇದ್ದ ನೆಂಟಸ್ತಿಕೆ ಅಷ್ಟಕ್ಕೇ ಮುಗಿಯಿತು.

ಮುಖ್ಯಮಂತ್ರಿಗಳು ದ್ರೋಹ ಅಂದರು. ಪತ್ರಿಕೆಯವರು ಬೆಪ್ಪುತನ ಅಂದರು, ವ್ಯಂಗ್ಯಚಿತ್ರ ಬರೆದರು. ನಮ್ಮಮ್ಮ ಮಾತ್ರ, "ನನ್ನ ಅಳಿಯಂದಿರು ಅಪರಂಜಿ" ಎಂದು ಬೀದಿಗೆಲ್ಲ ಸಾರಿದರು. ಅವರು ಆ ಮನೆಯಲ್ಲೇ, ಆ ಸೂರು ನೋಡುತ್ತಲೇ ಕೊನೆಯುಸಿರೆಳೆದರು. ಬದುಕಿದ್ದಷ್ಟು ವರ್ಷವೂ ಹೊಳೆ ಉಕ್ಕಿದಾಗಲೆಲ್ಲ ಅವರ ಹಾಸಿಗೆ, ಪೆಟ್ಟಿಗೆ, ಬೆಕ್ಕು ಎಲ್ಲವನ್ನೂ ಮಹಡಿಗೆ ಹೊತ್ತವರು ಯಾರು? ಮಾಜಿ ಮಂತ್ರಿಗಳೇ. "ಆ ಮಸೂದೆ ಎಷ್ಟು ಒಳ್ಳೇದಿತ್ತು ಗೊತ್ತೇನೇ" ಎಂದು ಏದುಸಿರು ಬಿಡುತ್ತಾ ನನಗಷ್ಟೇ ಕೇಳುವಂತೆ ಹೇಳುತ್ತಿದ್ದರು.

ಕೋರ್ಟಿಗೆ ಮರಳಿದರು. ಮೊದಮೊದಲು ಕಕ್ಷಿದಾರರು ಹತ್ತಿರ ಸುಳಿಯಲಿಲ್ಲ. ಎದುರಿನವನ ಪರ ವಾದ ಮಾಡಿಬಿಟ್ಟರೆ ಏನು ಗತಿ ಎಂಬ ಹೆದರಿಕೆ. ಕೋರ್ಟಿನ ಮೊಗಸಾಲೆಯಲ್ಲಿ ಕಿರಿಯ ವಕೀಲರು ಇವರನ್ನು ಕಂಡು ಕಿಟಕಿಯಿಂದ ದೂರ ಸರಿದು ನಿಂತು ಕಿಸಕ್ಕೆನ್ನುತ್ತಿದ್ದರು. ನನ್ನ ಮೈ ಉರಿದುಹೋಗುತ್ತಿತ್ತು. ಇವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಗೌನು ಜೋಲುಬಿಟ್ಟು ನಡೆಯುತ್ತಿದ್ದರು. ನಿಧಾನವಾಗಿ ಕೆಲಸ ಬಂತು. ಮತ್ತೆ ಕುರ್ಚಿ, ಮತ್ತೆ ಸೌಟು, ಮತ್ತೆ ಬಟಾಣಿ.

ನಾನು ಕೇಳುತ್ತಲೇ ಇದ್ದೆ. ಬಟ್ಟೆ ಮಡಿಸುವಾಗ ಕೇಳಿದೆ, ರೈಲಿನಲ್ಲಿ ಕೇಳಿದೆ, ಅವರಿಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಡುತ್ತಾ ಕೇಳಿದೆ. "ರೀ, ನಿಜ ಹೇಳಿ. ಮರೆತ್ರಾ, ಬೇಕಂತಲೇ ಮಾಡಿದ್ರಾ?"

"ವಿಚಾರಣೆಯಲ್ಲಿರೋ ಕೇಸು. ಮಾತಾಡೋ ಹಾಗಿಲ್ಲ" ಅನ್ನುತ್ತಿದ್ದರು, ಕಣ್ಣು ಮುಚ್ಚಿ.

ನನಗೆ ಯಾಕೆ ಅಷ್ಟು ಬೇಕಿತ್ತು ಎಂದರೆ, ಮರೆತದ್ದಾದರೆ ಅದಕ್ಕೆ ಕಾರಣ ಆ ಖಾಲಿ ಕುರ್ಚಿ. ಅವರನ್ನು ಊರು ನಗುವ ಬೆಪ್ಪನನ್ನಾಗಿ ನಾನೇ ಮಾಡಿದ ಹಾಗಾಯಿತು. ಬೇಕೆಂದೇ ಮಾಡಿದ್ದಾದರೆ, ತಮ್ಮ ಬಾಯಿಂದಲೇ ಕೀಳು ಅನ್ನಿಸಿಕೊಂಡ ಕೆಲಸವನ್ನು ಅವರು ನನಗಾಗಿ, ನಮ್ಮಮ್ಮನಿಗಾಗಿ ಮಾಡಿದರು. ಎರಡರಲ್ಲಿ ಯಾವುದು ಬೇಕಿತ್ತು ನನಗೆ? ಸುಳ್ಳು ಯಾಕೆ, ಎರಡನೆಯದೇ. ಆಸೆಬುರುಕಿ ನಾನು.

ಅವರು ಗೌನು ಕಳಚಿಟ್ಟು, ಕೋಲು ಹಿಡಿದು ಓಡಾಡುವ ಕಾಲ ಬಂತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಮುಂದಿನ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು ಕೇಳಿತು. ಬಟಾಣಿ ಬುಟ್ಟಿ, ಸೌಟು ಕೈಯಲ್ಲಿ ಹಿಡಿದೇ ಹೋಗಿ ನೋಡಿದರೆ, ಮಂಡಿಯೂರಿ ಕುರ್ಚಿಯ ಕಾಲಿಗೆ ರಟ್ಟು ತೂರಿಸುತ್ತಿದ್ದಾರೆ.

"ಏನ್ರೀ ಇದು, ಸೊಂಟ ಉಳುಕಿಸ್ಕೊಳ್ತೀರಾ?"

"ಹಳೇ ಕೇಸೊಂದು ಬಾಕಿ ಇದೆ. ಖಾವಂದರು ಕೂರಬೇಕು."

ನನಗೆ ತಿಳಿದುಹೋಯಿತು. "ನನಗೆ ಸಂಬಂಧ ಇರೋ ಕೇಸು. ಕೂರೋ ಹಾಗಿಲ್ಲ" ಅಂದೆ.

"ಎರಡೂ ಪಕ್ಷದವರು ಒಪ್ಪಿದ್ರೆ ಕೂರಬಹುದು."

"ಇನ್ನೊಂದು ಪಕ್ಷ ಯಾರು?"

"ಅದೂ ನಾನೇ."

ಕೂತೆ. ಬಟಾಣಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಸೌಟನ್ನು ಮೇಜಿನ ಮೇಲಿಟ್ಟೆ. ಅವರು ಕೋಲೂರಿ ಕಿಟಕಿಯ ಬಳಿ ಹೋಗಿ, ಎಡಗೈ ಅಂಚಿನ ಮೇಲಿಟ್ಟರು. ಹೊರಗೆ ಬೀದಿ ನಿದ್ದೆಹೋಗಿತ್ತು. ಬಿಸಿಲು ಅವರ ಬಿಳೀ ಕೂದಲಿನ ಮೇಲೆ ಬಿದ್ದು, ಅವರ ಆಕಾರವೇ ಬೆಳಕಿನಲ್ಲಿ ಕರಗುತ್ತಿದೆ ಅನ್ನಿಸಿತು.

"ಖಾವಂದರೇ, ಆ ದಿನ ಆ ಮನುಷ್ಯ ಮರೆತದ್ದು, ಅಷ್ಟೇ. ಕನ್ನಡಕ ಹಣೆಯ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋ ಮನುಷ್ಯ. ಪಕ್ಕದ ಮನೆಯ ಬಾಗಿಲು ತಟ್ಟಿ, ತನ್ನ ಹೆಂಡತಿ ಎಲ್ಲಿ ಅಂತ ಕೇಳಿದವನು. ಇಂಥವನಿಗೆ ಉದ್ದೇಶ ಅನ್ನೋ ದೊಡ್ಡ ಮಾತು ಯಾಕೆ? ಕಿಟಕಿ ಕಂಡ, ಕೈ ಇಟ್ಟ, ಹಳೇ ಅಭ್ಯಾಸ ಮಾತಾಡಿಸ್ತು. ಬೇಕಂತಲೇ ಮಾಡಿದ ಅಂದ್ರೆ ಅವನನ್ನ ಹೊಗಳಿದ ಹಾಗೆ. ಅಷ್ಟು ಧೈರ್ಯ ಅವನಿಗಿರ್ಲಿಲ್ಲ."

ಇನ್ನೂ ಹೇಳಿದರು. ನಗು ಬಂತು, ನಕ್ಕೆ. ಒಂದೊಂದು ಮಾತೂ ಅಲ್ಲಾಡದಂತೆ ಕೂತಿತು. ನನ್ನ ಆಸೆ ಬಟಾಣಿ ಸಿಪ್ಪೆಯ ಜೊತೆ ನೆಲಕ್ಕೆ ಬಿತ್ತು. ಮರೆತದ್ದೇ, ಹಾಗಾದರೆ. ಸರಿ, ಮರೆತರೆ ಮರೆತರು, ನನ್ನವರೇ ತಾನೇ.

ಆಗ ಅವರು ಕಿಟಕಿಯಿಂದ ಕೈ ತೆಗೆದರು. ಕೋಲು ಕುಟ್ಟುತ್ತಾ, ನಿಧಾನವಾಗಿ, ಕೋಣೆ ದಾಟಿ ಪುಸ್ತಕದ ಬೀರುವಿನ ಬಳಿ ಬಂದರು. ಆಗ ನನಗೆ ಹೊಳೆಯಿತು. ಇಷ್ಟು ಹೊತ್ತು ಕೇಳಿದ್ದು ಎದುರು ಪಕ್ಷದ ವಾದ!

ಬೀರುವಿನ ಬಾಗಿಲು ತೆರೆದರು. ಪುಸ್ತಕಗಳ ಮುಂದೆ ಇಟ್ಟಿದ್ದ, ಅವರಪ್ಪನ ನಿಂತುಹೋದ ಜೇಬಿನ ಗಡಿಯಾರವನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ, ನನ್ನ ಮುಂದೆ ಮೇಜಿನ ಮೇಲಿಟ್ಟರು. ಒಂದೇ ಒಂದು ಮಾತಾಡಲಿಲ್ಲ. ಕೈಕಟ್ಟಿ ನಿಂತರು.

ನಾನು ಗಡಿಯಾರ ನೋಡಿದೆ, ಅವರನ್ನು ನೋಡಿದೆ. ಅಯ್ಯೋ ನನ್ನ ಮಂಕು ಬುದ್ಧಿಯೇ! ಪಕ್ಕದ ಕೋಣೆಯಲ್ಲಿ ಕನಸು ಕಾಣುತ್ತಲೇ ನನ್ನ ಮೊಟ್ಟೆ ಯಾವಾಗ ಬೆಂದಿತೆಂದು ಹೇಳುವ ಮನುಷ್ಯ, ಗಂಟೆ ಯಾವಾಗ ಬಾರಿಸುತ್ತದೆಂದು ತಿಳಿಯದೆ ಮಾತಾಡಿದರೇ? ತಮ್ಮ ಪಕ್ಷದ ಮೊದಲ ಮಾತಿಗೇ ಗಂಟೆ ಬೀಳುವ ಹಾಗೆ ಎದುರು ಪಕ್ಷವನ್ನು ಅಳೆದು ಅಳೆದು ಎಳೆದಿದ್ದರು. ದಿನಾ ಬೆಳಗ್ಗೆ ನನ್ನ ಮೂಗಿನ ಕೆಳಗೇ ಇದ್ದ ಸಾಕ್ಷಿ. ಬಾಯಿಬಿಟ್ಟು ಹೇಳಿದರೆ, ಕೈಗೆ ತೆಗೆದುಕೊಂಡ ಕೇಸನ್ನು ಬೇಕೆಂದೇ ಸೋತ ವಕೀಲ ಎಂದು ತಾವೇ ಒಪ್ಪಿಕೊಂಡ ಹಾಗೆ. ಅದಕ್ಕೇ ಅಷ್ಟು ವರ್ಷ ಬೆಪ್ಪನಾಗಿಯೇ ಇದ್ದರು, ಜನ ನಗುವುದಕ್ಕೆ ಬಿಟ್ಟರು.

ನನ್ನ ಕಣ್ಣಿಂದ ನೀರು ಬಟಾಣಿಯ ಮೇಲೆ ಬೀಳುತ್ತಿತ್ತು. ಸೌಟು ಎತ್ತಿ ಮೇಜಿಗೆ ಬಡಿದೆ.

"ವಕೀಲರೇ, ಬೇಕಂತಲೇ ಮಾಡಿದ್ದು ಸಾಬೀತಾಗಿದೆ. ನೀವು ತಪ್ಪಿತಸ್ಥರು."

ಅವರ ಮುಖ ಅರಳಿತು. ನಮ್ಮ ತವರಿನ ಸೂರಿನ ಕೆಳಗೆ ಮೊದಲ ಸಲ ಕೂತಿದ್ದಾಗಿನ ಮುಖ ಅದು. "ಶಿಕ್ಷೆ ಏನು ಖಾವಂದರೇ?"

ಪಕ್ಕಕ್ಕೆ ಸರಿದು ಒಂದು ಸ್ಟೂಲು ಎಳೆದು ಹಾಕಿದೆ. ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟೆ. ಅವರು ಕೋಲು ಗೋಡೆಗೆ ಒರಗಿಸಿ ಕೂತು, ಒಂದು ಬಟಾಣಿ ತೆಗೆದುಕೊಂಡು ಸುಲಿಯತೊಡಗಿದರು.